ಮೇಸ್ತ್ರಿ ಬರುವ ಮೊದಲೇ ಉಳಿಯುವ ಹಣ

ಮನೆ ಕಟ್ಟುವ ಮಾತು ಬಂದ ಕೂಡಲೇ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ, ಚದರಡಿಗೆ ಎಷ್ಟು ಬೀಳುತ್ತದೆ? ಎರಡನೆಯದು, ಸಿಮೆಂಟು ಎಲ್ಲಿ ಕಡಿಮೆಗೆ ಸಿಗುತ್ತದೆ? ಸಾವಿರ ಚದರಡಿ ಮನೆಗೆ ಸುಮಾರು 400 ಮೂಟೆ ಸಿಮೆಂಟು ಹಿಡಿಯುತ್ತದೆ. ಮೂಟೆಗೆ ಹತ್ತು ರೂಪಾಯಿ ಇಳಿಸಿಕೊಂಡರೆ ಉಳಿಯುವುದು ನಾಲ್ಕು ಸಾವಿರ. ಬೇಡದ ಕಡೆ ಗೋಡೆ ಒಂದು ಸಲ ಒಳಗೆ ಹೊಕ್ಕು ಹೊರಗೆ ಬಂದರೆ ಆ ನಾಲ್ಕು ಸಾವಿರ ಅಲ್ಲೇ ಹೋಯಿತು, ಅದರ ಮೇಲೆ ಇನ್ನೂ ಹೋಯಿತು. ಆದ್ದರಿಂದ ಅಂಗಡಿಯ ರೇಟು ಇವತ್ತಿನ ಈ ಸಭೆಯಲ್ಲಿ ಬದಿಗಿರಲಿ. ದೊಡ್ಡ ಮೊತ್ತ ಇರುವುದು ಜಾಗದಲ್ಲಿ, ಪ್ಲಾನಿನಲ್ಲಿ, ಕೆಲಸ ಶುರು ಮಾಡುವ ತಿಂಗಳಲ್ಲಿ. ಅದನ್ನೇ ಕ್ರಮವಾಗಿ ನೋಡೋಣ.

ಜಾಗದಿಂದ ಶುರು ಮಾಡುತ್ತೇನೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಇರುವುದೆಲ್ಲ ಗುಡ್ಡದ ಇಳಿಜಾರು. ಜಾಗ ತೆಗೆದುಕೊಂಡವರು ಮೊದಲು ಮಾಡುವ ಕೆಲಸ ಹಿಟಾಚಿ ತರಿಸಿ ಗುಡ್ಡ ಕಡಿದು ಅಂಗಳದ ಹಾಗೆ ಸಪಾಟು ಮಾಡಿಸುವುದು. ಯಂತ್ರದ ಬಾಡಿಗೆ ಕಣ್ಣಿಗೆ ಕಾಣುತ್ತದೆ, ಅದರ ಹಿಂದೆ ಬರುವ ಖರ್ಚು ಕಾಣುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲಿನ ಪದರ, ಅದರ ಅಡಿಯಲ್ಲಿ ಬಿಳಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಶೇಡಿ ಒಣಗಿದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಹೊಕ್ಕರೆ ಜಾರುತ್ತದೆ. ಜನವರಿಯಲ್ಲಿ ಹತ್ತಡಿ ನೆಟ್ಟಗೆ ಕಡಿದ ಬರೆ (ಗುಡ್ಡದ ಮಣ್ಣಿನ ಗೋಡೆ) ಜುಲೈಯಲ್ಲಿ ಮನೆಯ ಹಿಂದಿನ ಗೋಡೆಗೆ ಬಂದು ಒರಗುವುದು ಇದರಿಂದಲೇ. ಆಮೇಲೆ ತಡೆಗೋಡೆ ಕಟ್ಟಬೇಕು. ಹತ್ತಡಿ ಎತ್ತರದ, ಅರುವತ್ತು ಅಡಿ ಉದ್ದದ ತಡೆಗೋಡೆಗೆ ಹಿಡಿಯುವ ಕಲ್ಲು ಮನೆಯ ಪಂಚಾಂಗಕ್ಕಿಂತ, ಅಂದರೆ ಅಡಿಪಾಯಕ್ಕಿಂತ, ಹೆಚ್ಚು.

ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡುತ್ತಾರಲ್ಲ, ಮನೆಯ ಮುಂದಿನ ಅರ್ಧ ಹೆಚ್ಚಾಗಿ ಅದರ ಮೇಲೆ ಬೀಳುತ್ತದೆ. ಹಿಂದಿನ ಅರ್ಧ ಗಟ್ಟಿ ನೆಲದಲ್ಲಿ, ಮುಂದಿನ ಅರ್ಧ ತುಂಬಿಸಿದ ಮಣ್ಣಿನಲ್ಲಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನದು ಕುಸಿಯುತ್ತದೆ, ನಡುವಿನ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಅದಕ್ಕೆ ಎಷ್ಟು ಸಾರಣೆ (ಪ್ಲಾಸ್ಟರ್) ಮಾಡಿದರೂ ನಿಲ್ಲದು. ಇಳಿಜಾರು ನಾಲ್ಕೈದು ಅಡಿಯೊಳಗಿದ್ದರೆ ಜಾಗವನ್ನು ಹಾಗೆಯೇ ಬಿಟ್ಟು ಮನೆಯನ್ನೇ ಎರಡು ಮಟ್ಟ ಮಾಡಿ. ಚಾವಡಿ ಕೆಳಗೆ, ಮೂರ್ನಾಲ್ಕು ಮೆಟ್ಟಿಲು ಮೇಲೆ ಕೋಣೆಗಳು. ಮನೆಯ ಉದ್ದ ಇಳಿಜಾರಿಗೆ ಅಡ್ಡವಾಗಿ ಇರಲಿ, ಆಗ ಕಡಿಯುವುದು ಬಹಳ ಕಡಿಮೆಯಾಗುತ್ತದೆ. ತುಂಬಿಸಲೇಬೇಕಾದ ಕಡೆ ಪಂಚಾಂಗ ಹೊಸ ಮಣ್ಣನ್ನು ದಾಟಿ ಹಳೆಯ ನೆಲದವರೆಗೆ ಇಳಿಯಬೇಕು. ಇದರಲ್ಲಿ ರಾಜಿ ಇಲ್ಲ.

ಎಣ್ಮಕಜೆ, ಬಾಯಾರು ಕಡೆಯವರಿಗೆ ಇನ್ನೊಂದು ಮಾತು. ನಿಮ್ಮಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು ತುಂಬ. ಜಾಗದ ಅಡಿಯಲ್ಲಿ, ನೀರು ಬತ್ತಿ ಬಾಯಿ ಮುಚ್ಚಿಹೋದ ಹಳೆಯ ಸುರಂಗ ಹಾದುಹೋಗಿರಬಹುದು. ಸುತ್ತಲಿನ ಹಿರಿಯರನ್ನು ಕೇಳಿ, ತೋಟದ ಕಡೆಯಿಂದ ಅದರ ಬಾಯಿ ಎಲ್ಲಿತ್ತು, ಯಾವ ದಿಕ್ಕಿಗೆ ಹೋಗಿತ್ತು ಎಂದು ಗುರುತು ಹಾಕಿಕೊಂಡ ಮೇಲೆಯೇ ಮನೆಯ ಜಾಗ ನಿಶ್ಚಯ ಮಾಡಿ. ಇದಕ್ಕೆ ಖರ್ಚು ಏನೂ ಇಲ್ಲ.

ಗದ್ದೆ ಜಾಗ ಕಡಿಮೆಗೆ ಸಿಗುತ್ತದೆ ಎಂದು ಹೋಗುವವರೂ ಇದ್ದಾರೆ. ಕೇರಳದಲ್ಲಿ 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯಿದೆ ಇದೆ. ಜಾಗ ಆ ಕಾಯಿದೆಯ ಡಾಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗು ಜಾಗಗಳ ಪಟ್ಟಿಯಲ್ಲಿ) ಇದ್ದರೆ ಮನೆಗೆ ಪರ್ಮಿಟ್ ಸುಲಭವಲ್ಲ. ಅದರಿಂದ ಹೊರಗೆ ತರಿಸಲು ಫಾರಂ 5, ಡಾಟಾ ಬ್ಯಾಂಕಿನಲ್ಲಿ ಇಲ್ಲದಿದ್ದರೂ ದಾಖಲೆಯಲ್ಲಿ ‘ನಿಲಂ’ (ಗದ್ದೆ) ಎಂದಿದ್ದರೆ ಫಾರಂ 6. ಎಲ್ಲ ಕಂದಾಯ ಇಲಾಖೆಯ ದಾರಿ, ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಂಗಡ ಕೊಡುವ ಮೊದಲು ವಿಲೇಜ್ ಆಫೀಸಿನಲ್ಲಿ ಜಾಗದ ನಮೂನೆ ಏನೆಂದು ನೋಡಿ.

ಇನ್ನು ಪ್ಲಾನ್. ಒಂದು ಲೆಕ್ಕ ಹೇಳುತ್ತೇನೆ, ಪೆನ್ನು ಇದ್ದವರು ಬರೆದುಕೊಳ್ಳಿ. 32 ಅಡಿಗೆ 32 ಅಡಿ ಚೌಕದ ಮನೆ, 1024 ಚದರಡಿ. ಹೊರಗೋಡೆಯ ಸುತ್ತಳತೆ 128 ಅಡಿ. ಅದೇ ಮನೆಗೆ ಅಂದ ಕಾಣಲಿ ಎಂದು ನಾಲ್ಕು ಬದಿಯ ನಡುವಿನಲ್ಲೂ ನಾಲ್ಕು ನಾಲ್ಕು ಅಡಿ ಒಳಕ್ಕೆ ಹೊಗಿಸಿದರೆ ಪ್ರತಿ ಹೊಗಿಸುವಿಕೆಗೆ ಎಂಟಡಿ ಗೋಡೆ ಹೆಚ್ಚು. ಸುತ್ತಳತೆ 160 ಅಡಿ ಆಗುತ್ತದೆ, ಒಳಗಿನ ಜಾಗ ಮಾತ್ರ ಕಡಿಮೆಯಾಗುತ್ತದೆ. ಹೆಚ್ಚಿದ 32 ಅಡಿಗೆ ಹತ್ತಡಿ ಎತ್ತರದ ಗೋಡೆ ಎಂದರೆ 320 ಚದರಡಿ. ನಮ್ಮ ಕೋರೆಯ ಕಲ್ಲು ಸುಮಾರು 14 ಇಂಚು ಉದ್ದ, 9 ಇಂಚು ಅಗಲ, 7 ಇಂಚು ಎತ್ತರ. ಅರ್ಧ ಇಂಚಿನ ಸಂದು ಸೇರಿಸಿದರೆ 9 ಇಂಚಿನ ಗೋಡೆಗೆ ನೂರು ಚದರಡಿಗೆ 132 ಕಲ್ಲು ಬೇಕು. ಅಲ್ಲಿಗೆ 420 ಕಲ್ಲು. ಅದರ ಅಡಿಯ ಪಂಚಾಂಗ, ಬೆಲ್ಟು (ಗೋಡೆಯುದ್ದಕ್ಕೂ ಹೋಗುವ ಕಾಂಕ್ರೀಟಿನ ಪಟ್ಟಿ), ಎರಡು ಬದಿ ಸಾರಣೆ, ಬಣ್ಣ, ಪ್ರತಿ ಮೂಲೆ ತಿರುಗಿಸುವಾಗ ಮೇಸ್ತ್ರಿಗೆ ಹಿಡಿಯುವ ಹೊತ್ತು, ಇವೆಲ್ಲ ಬೇರೆ. ಮೂಲೆಯಲ್ಲಿ ತುಂಡು ಮಾಡಿದರೆ ಗೋಡೆಯ ಉದ್ದ ಹೆಚ್ಚುವುದಿಲ್ಲ, ಆದರೆ ಅಷ್ಟೇ ಗೋಡೆಗೆ ಸಿಗುವ ಜಾಗ ಕಡಿಮೆ. ಸಿಟ್‌ಔಟ್ ಬೇಕಾದರೆ ಮೂಲೆಯಲ್ಲಿ ತೆಗೆದುಕೊಳ್ಳಿ. ನಡುವೆ ಕೊರೆಯಬೇಡಿ.

ಬಚ್ಚಲು, ಪಾಯಿಖಾನೆ, ಅಡುಗೆ ಮನೆ, ಇವು ಒಂದಕ್ಕೊಂದು ಬೆನ್ನು ಹಾಕಿ ನಿಲ್ಲಲಿ. ಪೈಪು ಉಳಿಯುವುದು ಸಣ್ಣ ಮಾತು. ನೀರು ಸೋರಿದರೆ ಒಂದೇ ಗೋಡೆ ಒಡೆದರೆ ಸಾಕು ಎಂಬುದು ದೊಡ್ಡ ಮಾತು. ಪಾಯಿಖಾನೆ ಗುಂಡಿ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಕೆಂಪುಕಲ್ಲಿನ ನೆಲದಲ್ಲಿ ತೂತುಗಳು ತುಂಬ, ಜಾಗ ಇದ್ದರೆ ಇನ್ನೂ ದೂರ ಹೋಗಿ, ಬಾವಿಗಿಂತ ಕೆಳಬದಿಯಲ್ಲಿ ತೋಡಿ. ವಿಸ್ತೀರ್ಣ ನಿಶ್ಚಯ ಮಾಡುವಾಗ ತೆರಿಗೆಯ ಎರಡು ಗೆರೆಗಳು ನೆನಪಿರಲಿ. 100 ಚದರ ಮೀಟರ್, ಅಂದರೆ 1076 ಚದರಡಿಯೊಳಗಿನ ವಾಸದ ಮನೆಗೆ ಕಂದಾಯ ಇಲಾಖೆಯ ಒಂದಾವರ್ತಿ ಕಟ್ಟಡ ತೆರಿಗೆ ಇಲ್ಲ. 278.7 ಚದರ ಮೀಟರ್, ಅಂದರೆ 3000 ಚದರಡಿ ಮುಟ್ಟಿದರೆ ವರ್ಷ ವರ್ಷ, ಆಡಂಬರ ತೆರಿಗೆ ಎಂದು ಕರೆಯುತ್ತಿದ್ದ ಹೆಚ್ಚುವರಿ ತೆರಿಗೆ. 1090 ಚದರಡಿಯ ಪ್ಲಾನು ಕೈಯಲ್ಲಿ ಹಿಡಿದುಕೊಂಡವರು ಹದಿನೈದು ಚದರಡಿ ಎಲ್ಲಿ ಕಡಿಮೆ ಮಾಡಬಹುದು ಎಂದು ಒಮ್ಮೆ ನೋಡುವುದು ಒಳ್ಳೆಯದು.

ಪಂಚಾಂಗಕ್ಕೆ ಬರೋಣ. ಈಗ ಒಂದಂತಸ್ತಿನ ಮನೆಗೂ ಪಿಲ್ಲರ್ ಹಾಕಿಸುವುದು ರೂಢಿಯಾಗಿದೆ. ಗುಂಡಿ ತೋಡಿ, ಜಾಲರಿ ಕಟ್ಟಿ, ಹನ್ನೆರಡು ಹದಿನಾಲ್ಕು ಕಂಬ ಎಬ್ಬಿಸಿ, ಆಮೇಲೆ ನಡುವೆ ಒಂಬತ್ತಿಂಚಿನ ಕೆಂಪುಕಲ್ಲಿನ ಗೋಡೆ! ಆ ಗೋಡೆ ತಾನೇ ಸ್ಲಾಬನ್ನು ಹೊರಬಲ್ಲದು. ಗಟ್ಟಿ ಕೆಂಪುಕಲ್ಲಿನ ನೆಲದಲ್ಲಿ ಎರಡಡಿ ಅಗಲ, ಎರಡಡಿ ಆಳದ ಕಪ್ಪುಕಲ್ಲಿನ ಪಂಚಾಂಗ, ಮೇಲೆ ಬೆಲ್ಟು, ಒಂಬತ್ತಿಂಚು ಗೋಡೆ, ಇಷ್ಟಿದ್ದರೆ ಕೆಳಗೊಂದು ಮೇಲೊಂದು ಅಂತಸ್ತಿಗೆ ಸಾಕು. ಪಿಲ್ಲರ್ ಬೇಕಾಗುವುದು ನೆಲ ಮೆತ್ತಗಿದ್ದರೆ, ದೊಡ್ಡ ತೆರೆದ ಹಾಲ್ ಇದ್ದರೆ, ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೆ ಕೂರದಿದ್ದರೆ. ಪಿಲ್ಲರ್ ಬಿಟ್ಟು ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಲಿಂಟಲ್ ಬೆಲ್ಟಿಗೆ ಹಾಕಿ. ಬಾಗಿಲು ಕಿಟಕಿಯ ಮೇಲೆ ಮಾತ್ರ ತುಂಡು ತುಂಡಾಗಿ ಹಾಕದೆ ಎಲ್ಲ ಗೋಡೆಯ ಮೇಲೂ ತುಂಡಾಗದಂತೆ ಸುತ್ತ ಹಾಕಿಸಿ, ಮೂಲೆಗಳಲ್ಲಿ ಸರಳು ಬಾಗಿಸಿ ಕಟ್ಟಿಸಿ. ಗೋಡೆಗಳು ಬೇರೆ ಬೇರೆಯಾಗಿ ಹೊರಕ್ಕೆ ವಾಲದಂತೆ ಹಿಡಿಯುವುದು ಅದೇ. ಉಳಿತಾಯ ಎಂದು ಇದನ್ನು ಬಿಡಬೇಡಿ.

ಕಲ್ಲಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಭೂಮಿ ನಮಗೆ ಕೊಟ್ಟ ದೊಡ್ಡ ಉಳಿತಾಯ ಅದು, ನಾವು ಅದನ್ನು ಸರಿಯಾಗಿ ಬಳಸುತ್ತಿಲ್ಲ. ಕೆಂಪುಕಲ್ಲು ಕೋರೆಯಿಂದ ಏಳುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಇವತ್ತು ಕಡಿದು ನಾಳೆ ಕಟ್ಟಬೇಡಿ. ಎರಡು ತಿಂಗಳಾದರೂ ಒಣಗಲಿ. ಲಾರಿ ಬಂದಾಗ ನೋಡಬೇಕಾದದ್ದು: ಬಣ್ಣ ಒಂದೇ ಸಮ ಇರಬೇಕು, ತೂತುಗಳಲ್ಲಿ ಬಿಳಿ ಮಣ್ಣು ತುಂಬಿರಬಾರದು, ಕತ್ತಿಯ ಹಿಂಬದಿಯಿಂದ ಬಡಿದರೆ ಟಣ್ ಎನ್ನಬೇಕು. ಬಿಳಿ ಮಣ್ಣು ತುಂಬಿದ ಕಲ್ಲು ಕೋರೆಯ ಅಡಿಭಾಗದ್ದು, ಮಳೆಗೆ ಕರಗುತ್ತದೆ. ಸಂಶಯ ಇದ್ದರೆ ಒಣಗಿದ ಕಲ್ಲೊಂದನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ಭಾರತೀಯ ಮಾನಕದ ಪ್ರಕಾರ ನೀರು ಹೀರುವುದು ತೂಕದ ಶೇ. 12 ದಾಟಬಾರದು. 25 ಕಿಲೊ ಇದ್ದದ್ದು 28 ಕಿಲೊ ಒಳಗೇ ಇರಬೇಕು.

ಕಲ್ಲಿಗೆ ಒಂದೆರಡು ರೂಪಾಯಿ ಕಡಿಮೆ ಎಂದು ಅಳತೆ ತಪ್ಪಿದ ಕಲ್ಲು ತಂದರೆ ಆ ಲಾಭ ಸಾರಣೆಯಲ್ಲಿ ತಿರುಗಿ ಹೋಗುತ್ತದೆ. ಸಾವಿರ ಚದರಡಿ ಮನೆಗೆ ಒಳಗೆ ಹೊರಗೆ ಸೇರಿ ಸುಮಾರು 3500 ಚದರಡಿ ಸಾರಣೆ. ಗೋಡೆ ಸಮ ಇದ್ದರೆ ಅರ್ಧ ಇಂಚಿಗೆ ಮುಗಿಯುತ್ತದೆ, ಒಂದು ಪಾಲು ಸಿಮೆಂಟಿಗೆ ಐದು ಪಾಲು ಹೊಯಿಗೆಯ (ಮರಳಿನ) ಪಾಕದಲ್ಲಿ ಸುಮಾರು 25 ಮೂಟೆ ಸಿಮೆಂಟು. ಕಲ್ಲು ಏರುಪೇರಾಗಿ ಮುಕ್ಕಾಲು ಇಂಚಿಗೆ ಹೋದರೆ 40 ಮೂಟೆ, ಅದಕ್ಕೆ ತಕ್ಕ ಹೊಯಿಗೆ, ಅದಕ್ಕೆ ತಕ್ಕ ಮಜೂರಿ.

ಹೊರಗೋಡೆಗೆ ಸಾರಣೆಯೇ ಬೇಕೆ ಎಂಬುದನ್ನೂ ಯೋಚಿಸಿ. ಬೇಕಲ ಕೋಟೆ 17ನೇ ಶತಮಾನದ್ದು. ಕಡಲ ಗಾಳಿ, ಉಪ್ಪು, ವರ್ಷಕ್ಕೆ 3500 ಮಿ.ಮೀ. ಸುಮಾರಿನ ಮಳೆ, ಎಲ್ಲಕ್ಕೂ ಮೈಯೊಡ್ಡಿ ಆ ಕೆಂಪುಕಲ್ಲು ಹಾಗೆಯೇ ನಿಂತಿದೆ. ಯಂತ್ರದಲ್ಲಿ ಕೊಯ್ದ, ಆರಿಸಿದ ಕಲ್ಲನ್ನು ಹೊರಬದಿಗೆ ಕಟ್ಟಿ, ಸಂದುಗಳಿಗೆ ಮಾತ್ರ ಸಿಮೆಂಟು ತುಂಬಿ ಗೆರೆ ಹೊಡೆಸಿದರೆ ಹೊರಗಿನ ಸಾರಣೆ, ಪುಟ್ಟಿ, ಬಣ್ಣ ಎಲ್ಲ ಉಳಿಯಿತು. ಐದು ವರ್ಷಕ್ಕೊಮ್ಮೆ ಬಣ್ಣ ಬಳಿಯುವುದೂ ಉಳಿಯಿತು. ಇದಕ್ಕೆ ಒಂದು ಷರತ್ತು ಇದೆ, ಮನೆಯ ಮಾಡು (ಛಾವಣಿ) ಎರಡೂವರೆ ಮೂರಡಿ ಹೊರಕ್ಕೆ ಚಾಚಿರಬೇಕು. ಗೋಡೆಗೆ ನೇರ ನೀರು ಹೊಡೆದರೆ ತೂತುಗಳ ಮೂಲಕ ತೇವ ಒಳಕ್ಕೆ ಬರುತ್ತದೆ, ಪಾಚಿ ಹಿಡಿಯುತ್ತದೆ. ಮಳೆ ಬಡಿಯುವ ನೈಋತ್ಯದ ಗೋಡೆಯೊಂದಕ್ಕೆ ಸಾರಣೆ ಮಾಡಿಸಿದರೂ ತಪ್ಪಿಲ್ಲ.

ಒಳಗಿನ, ಭಾರ ಹೊರದ ಅಡ್ಡಗೋಡೆಗಳನ್ನು ಕಲ್ಲು ಮಗ್ಗುಲಾಗಿಸಿ ಏಳಿಂಚಿಗೆ ಕಟ್ಟಬಹುದು. ಆಗ ನೂರು ಚದರಡಿಗೆ 132ರ ಬದಲು 105 ಕಲ್ಲು, ಕೋಣೆಗೂ ಎರಡಿಂಚು ಜಾಗ. ಕಟ್ಟುವ ಮೊದಲು ಕಲ್ಲಿಗೆ ಚೆನ್ನಾಗಿ ನೀರು ಹೊಡೆಯಲಿ, ಇಲ್ಲದಿದ್ದರೆ ಅದು ಪಾಕದ ನೀರನ್ನು ಹೀರಿ ಸಿಮೆಂಟು ಹುಡಿಯಾಗಿಯೇ ಉಳಿಯುತ್ತದೆ.

ಕಡಿಮೆ ಖರ್ಚಿನ ಮನೆ ಎಂದಾಗ ತಿರುವನಂತಪುರದ ವಾಸ್ತುಶಿಲ್ಪಿ ಲಾರಿ ಬೇಕರ್ ಹೆಸರು ಬಂದೇ ಬರುತ್ತದೆ. ಅವರ ‘ರ‍್ಯಾಟ್ ಟ್ರ್ಯಾಪ್’ ಗೋಡೆ, ಇಟ್ಟಿಗೆಯನ್ನು ಮಗ್ಗುಲಾಗಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವುದು, ನಾಲ್ಕರಲ್ಲಿ ಒಂದು ಪಾಲು ಇಟ್ಟಿಗೆ ಉಳಿಸುತ್ತದೆ. ನೋಡಿ ಬಂದವರು ಇಲ್ಲಿಯೂ ಹಾಗೆಯೇ ಕಟ್ಟಿಸಬೇಕು ಎನ್ನುತ್ತಾರೆ. ಇಟ್ಟಿಗೆ ಇಲ್ಲಿಗೆ ದೂರದಿಂದ ಲಾರಿಯಲ್ಲಿ ಬರಬೇಕು. ಹತ್ತಿರದಲ್ಲಿ ಸಿಗುವುದನ್ನು ಬಳಸಿ ಎಂಬುದೇ ಬೇಕರ್ ಜೀವನವಿಡೀ ಹೇಳಿದ ಮಾತು. ಹಾಗಾಗಿ ನಮಗೆ ಕೆಂಪುಕಲ್ಲೇ ಸರಿ.

ಅವರ ಇನ್ನೊಂದು ಕ್ರಮ ಮಾತ್ರ ನಮಗೆ ಚೆನ್ನಾಗಿ ಒಗ್ಗುತ್ತದೆ, ಹಂಚು ತುಂಬಿದ ಫಿಲ್ಲರ್ ಸ್ಲಾಬ್. ಸ್ಲಾಬಿನ ಮೇಲ್ಭಾಗದ ಕಾಂಕ್ರೀಟು ಒತ್ತಡ ತಡೆಯುತ್ತದೆ, ಕೆಳಭಾಗದ ಎಳೆತವನ್ನು ತಡೆಯುವುದು ಕಬ್ಬಿಣ. ಅಡಿಯ ಕಾಂಕ್ರೀಟು ಸರಳನ್ನು ಹಿಡಿದುಕೊಳ್ಳಲಿಕ್ಕೆ ಮಾತ್ರ. ಸರಳುಗಳ ನಡುವಿನ ಆ ಕಾಂಕ್ರೀಟಿನ ಜಾಗದಲ್ಲಿ ಹಳೆಯ ಮಂಗಳೂರು ಹಂಚು ಎರಡೆರಡು ಜೋಡಿಸಿ ಇಡುವುದು. ಕಾಂಕ್ರೀಟು ಸುಮಾರು ಐದರಲ್ಲೊಂದು ಪಾಲು ಉಳಿಯುತ್ತದೆ, ಸ್ಲಾಬು ಹಗುರವಾಗುವುದರಿಂದ ಕಬ್ಬಿಣವೂ ಕಡಿಮೆ, ಹಂಚಿನೊಳಗಿನ ಗಾಳಿಯಿಂದ ಕೋಣೆಗೆ ಸೆಕೆಯೂ ಕಡಿಮೆ. ಹಂಚನ್ನು ನೀರಲ್ಲಿ ನೆನೆಸಿಯೇ ಇಡಬೇಕು, ಒಣಹಂಚು ಕಾಂಕ್ರೀಟಿನ ನೀರು ಕುಡಿಯುತ್ತದೆ. ಸಾಲುಗಳ ನಡುವೆ ಮೂರು ನಾಲ್ಕು ಇಂಚು ಬಿಟ್ಟು ಅಲ್ಲಿ ಸರಳು ಹೋಗಬೇಕು. ಗೋಡೆಯಿಂದ ಹೊರಕ್ಕೆ ಚಾಚಿದ ಭಾಗದಲ್ಲಿ, ಬಾಲ್ಕನಿಯಲ್ಲಿ ಹಂಚು ಇಡಲೇಬಾರದು. ಅಲ್ಲಿ ಎಳೆತ ಮೇಲೆ, ಒತ್ತಡ ಅಡಿಯಲ್ಲಿ, ಅಡಿಯ ಕಾಂಕ್ರೀಟೇ ಕೆಲಸ ಮಾಡುವುದು. ಇದನ್ನು ತಿಳಿಯದೆ ಮಾಡಿದರೆ ಅಪಾಯ, ಆದ್ದರಿಂದ ಎಂಜಿನಿಯರರ ಡ್ರಾಯಿಂಗ್ ಇಲ್ಲದೆ ಫಿಲ್ಲರ್ ಸ್ಲಾಬಿಗೆ ಕೈಹಾಕಬೇಡಿ.

ಮಾಡಿನ ಬಗ್ಗೆ ನನಗೆ ತುಂಬ ಬೇಸರದ ಒಂದು ವಿಷಯ ಇದೆ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯುದ್ದಕ್ಕೂ ನೋಡಿ: ಮೊದಲು ಸಪಾಟು ಟೆರೇಸು, ನಾಲ್ಕು ವರ್ಷಕ್ಕೆ ಅದು ಸೋರಲು ಶುರು, ಆಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು. ಒಂದು ಮನೆಗೆ ಎರಡು ಮಾಡಿನ ಖರ್ಚು. ಮೇಲಂತಸ್ತು ಬೇಡ ಎಂದಾದರೆ ಸ್ಲಾಬನ್ನೇ ಬಿಟ್ಟು ಕಬ್ಬಿಣದ ಪಕ್ಕಾಸು ರೀಪಿನ (ಹಂಚು ಹೊರುವ ತೊಲೆ, ಪಟ್ಟಿಗಳ) ಮೇಲೆ ಹಂಚು ಹೊದಿಸಿ, ಅಡಿಯಲ್ಲಿ ಸೀಲಿಂಗ್ ಹಂಚು ಹಾಕಿಸಬಹುದು. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು. ಹಳೆಮನೆ ಕೆಡವಿದಲ್ಲಿ ಒಳ್ಳೆಯ ಹಂಚು, ಹಲಸಿನ ಬಾಗಿಲು ದಾರಂದ ಇನ್ನೂ ಸಿಗುತ್ತವೆ. ಇಳಿಜಾರು 25-30 ಡಿಗ್ರಿ ಇರಲಿ, ಕಡಿಮೆಯಾದರೆ ಗಾಳಿಮಳೆಗೆ ನೀರು ಹಂಚಿನ ಸಂದಿನಿಂದ ಹಿಂದಕ್ಕೆ ನುಗ್ಗುತ್ತದೆ. ಟೆರೇಸೇ ಬೇಕೆನ್ನುವವರು ಹತ್ತಡಿಗೆ ಒಂದೂವರೆ ಇಂಚು ಇಳಿಜಾರು ಕೊಡಿಸಿ, ನಾಲ್ಕಿಂಚಿನ ನೀರಿನ ಪೈಪು ಎರಡು ಬದಿಗಾದರೂ ಇಡಿಸಿ. ಒಂದೇ ಇದ್ದರೆ ಅದನ್ನು ಮುಚ್ಚಲು ಒಂದು ಹಿಡಿ ತರಗೆಲೆ ಸಾಕು.

ಸ್ಲಾಬಿನ ದಪ್ಪ. ಸಾಧಾರಣ ಹತ್ತು ಹನ್ನೆರಡು ಅಡಿಯ ಕೋಣೆಗಳಿಗೆ ಡ್ರಾಯಿಂಗಿನಲ್ಲಿ ನಾಲ್ಕೂವರೆ ಅಥವಾ ಐದು ಇಂಚು ಇರುತ್ತದೆ. ‘ಗಟ್ಟಿ ಇರಲಿ’ ಎಂದು ಆರಿಂಚು ಹಾಕಿಸುತ್ತಾರೆ. ಸಾವಿರ ಚದರಡಿಗೆ ಪ್ರತಿ ಅರ್ಧ ಇಂಚು ಹೆಚ್ಚಾದರೆ 42 ಘನ ಅಡಿ ಕಾಂಕ್ರೀಟು, ಒಂಬತ್ತು ಹತ್ತು ಮೂಟೆ ಸಿಮೆಂಟು. ಆ ಭಾರವನ್ನು ಹೊರಲು ಮತ್ತೆ ಕಬ್ಬಿಣ. ಕಬ್ಬಿಣದಲ್ಲಿಯೂ ಹಾಗೆಯೇ, 8 ಮಿ.ಮೀ. ಇರಬೇಕಾದ ಕಡೆ ಅಷ್ಟೇ ಅಂತರದಲ್ಲಿ 10 ಮಿ.ಮೀ. ಹಾಕಿದರೆ ತೂಕ ಒಂದೂವರೆ ಪಟ್ಟಿಗೂ ಮೇಲೆ. ಮೀಟರಿಗೆ ಎಷ್ಟು ತೂಕ ಎಂದು ತಿಳಿಯಲು ಸರಳಿನ ಮಿ.ಮೀ.ಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 12 ಮಿ.ಮೀ.ಯದ್ದು 0.89 ಕಿಲೊ, 12 ಮೀಟರಿನ ಪೂರ್ತಿ ಸರಳು 10.7 ಕಿಲೊ. ಅಂಗಡಿಯಲ್ಲಿ ಒಂದು ಸರಳು ತೂಗಿಸಿ. ಈ ಅಳತೆಯಲ್ಲಿ ಶೇ. 5ರಷ್ಟು ವ್ಯತ್ಯಾಸ ಮಾನಕದಲ್ಲಿಯೇ ಒಪ್ಪಿತ, ಅದಕ್ಕಿಂತ ಕಡಿಮೆ ಬಂದರೆ ತೆಗೆದುಕೊಳ್ಳಬೇಡಿ.

ದಪ್ಪ ಹೆಚ್ಚಿಸುವವರೇ ಕಾಂಕ್ರೀಟು ಕಲಸುವಾಗ ಲೆಕ್ಕ ಬಿಡುತ್ತಾರೆ. ಬುಟ್ಟಿಯಲ್ಲಿ ಅಳೆದರೆ ಒಬ್ಬ ತುಂಬಿದ್ದು ಒಂದು, ಇನ್ನೊಬ್ಬ ತುಂಬಿದ್ದು ಇನ್ನೊಂದು. ಒಳ ಅಳತೆ 12 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರದ ಹಲಗೆಯ ಪೆಟ್ಟಿಗೆ ಮಾಡಿಸಿ. ಅದು ಒಂದೂಕಾಲು ಘನ ಅಡಿ, ಹೆಚ್ಚುಕಡಿಮೆ ಒಂದು ಮೂಟೆ ಸಿಮೆಂಟಿನ ಅಳತೆ. ಸ್ಲಾಬಿಗೆ ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಹೊಯಿಗೆ), ಮೂರು ಪೆಟ್ಟಿಗೆ ಜಲ್ಲಿ, 25ರಿಂದ 27 ಲೀಟರ್ ನೀರು. ಸುಲಭವಾಗಿ ಹರಿಯಲಿ ಎಂದು ಇನ್ನೊಂದು ಕೊಡ ನೀರು ಸುರಿದರೆ ಆ ನೀರು ಆರಿಹೋದ ಜಾಗವೆಲ್ಲ ತೂತಾಗಿ ಉಳಿಯುತ್ತದೆ, ಸ್ಲಾಬು ಸೋರುವುದು ಅಲ್ಲಿಂದಲೇ. ಹೊಳೆಬಾಯಿಯ ಹೊಯಿಗೆ ಕಡಿಮೆಗೆ ಸಿಕ್ಕಿತೆಂದು ಕಾಂಕ್ರೀಟಿಗೆ ಹಾಕಬೇಡಿ. ಉಪ್ಪು ಸೇರಿದ ಹೊಯಿಗೆ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಸರಳಿನ ಅಡಿಗೆ ಜಲ್ಲಿ ತುಂಡು ಇಡುವುದೂ ಬೇಡ, ಮುಕ್ಕಾಲು ಇಂಚು ದಪ್ಪದ ಸಿಮೆಂಟಿನ ಬಿಲ್ಲೆಗಳನ್ನು ಹಿಂದಿನ ವಾರವೇ ಎರಕ ಹಾಕಿ ನೀರಲ್ಲಿ ಇಟ್ಟುಕೊಳ್ಳಿ.

ಕಾಲದ ವಿಷಯ. ಪತ್ತನಾಜೆಯ (ಮೇ ಕೊನೆಯ ವಾರ ಬರುವ, ಮಳೆಗಾಲದ ಮುನ್ನಿನ ತುಳುನಾಡಿನ ಗಡು ದಿನದ) ಒಳಗೆ ಸ್ಲಾಬು ಆಗಬೇಕೆಂದು ಎಲ್ಲರೂ ಓಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರ ಸ್ಲಾಬು ಒಟ್ಟಿಗೆ ಬರುವುದರಿಂದ ಸೆಂಟ್ರಿಂಗ್ ಹಲಗೆಗೂ ಜನಕ್ಕೂ ಅಭಾವ, ಅದೇ ಹೊತ್ತಿಗೆ ಬಾವಿಯಲ್ಲಿ ನೀರಿಲ್ಲ. ಸಾವಿರ ಚದರಡಿ ಸ್ಲಾಬಿನ ಮೇಲೆ ಒಂದಿಂಚು ನೀರು ನಿಲ್ಲಿಸಲು ಸುಮಾರು 2400 ಲೀಟರ್ ಬೇಕು, ಬಿಸಿಲಿಗೆ ಅದು ನಿಲ್ಲುವುದಿಲ್ಲ, ದಿನವೂ ತುಂಬಿಸಬೇಕು. ಈಗ ಸಿಗುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟು ಗಟ್ಟಿಯಾಗಲು ಕನಿಷ್ಠ ಹತ್ತು ದಿನ ನೀರು ಬೇಕು. ಟ್ಯಾಂಕರಿನಲ್ಲಿ ತರಿಸುವಾಗ ಜನ ನಾಲ್ಕನೇ ದಿನಕ್ಕೇ ನಿಲ್ಲಿಸುತ್ತಾರೆ, ಸ್ಲಾಬು ಅಲ್ಲಿಗೆ ಹಾಳು. ಅಕ್ಟೋಬರ್, ನವೆಂಬರಿನ ತುಲಾ ಮಳೆ ನಿಂತ ಕೂಡಲೇ ಪಂಚಾಂಗ, ಫೆಬ್ರವರಿ ಮುಗಿಯುವುದರೊಳಗೆ ಸ್ಲಾಬು ಎಂದು ಲೆಕ್ಕ ಹಾಕಿಕೊಳ್ಳಿ. ಹಾಗಾಗಬೇಕಾದರೆ ಪಂಚಾಯತಿನ ಪರ್ಮಿಟ್, ಕಲ್ಲು ತರಿಸಿ ಒಣಗಿಸುವುದು ಇವೆಲ್ಲ ಅದಕ್ಕೂ ಮೊದಲೇ ಮುಗಿದಿರಬೇಕು. ನೀರು ಕಡಿಮೆ ಇದ್ದಲ್ಲಿ ಗೋಣಿ ಹಾಸಿ ಒದ್ದೆ ಮಾಡಿದರೂ ಆದೀತು, ಒಣಗಲು ಮಾತ್ರ ಬಿಡಬಾರದು.

ಕಂಟ್ರಾಕ್ಟಿನ ಬಗ್ಗೆ ಚುಟುಕಾಗಿ. ಚದರಡಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಒಪ್ಪಿದರೆ ಜಗಳಕ್ಕೆ ಒಪ್ಪಿದ ಹಾಗೆ. ಯಾವ ಚದರಡಿ, ಗೋಡೆ ಸೇರಿಯೋ ಬಿಟ್ಟೋ, ಸಿಟ್‌ಔಟ್ ಸನ್‌ಶೇಡ್ ಪೂರ್ತಿಯೋ ಅರ್ಧವೋ, ಪಾಯಿಖಾನೆ ಗುಂಡಿ, ನೀರಿನ ಟ್ಯಾಂಕಿ, ತಡೆಗೋಡೆ ಇದರಲ್ಲಿ ಇದೆಯೋ ಇಲ್ಲವೋ, ಎಲ್ಲ ಕಾಗದದಲ್ಲಿ ಬರಲಿ. ಹಣ ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ: ಪಂಚಾಂಗ, ಲಿಂಟಲ್, ಸ್ಲಾಬು, ಸಾರಣೆ. ಒಂದು ಪಾಲು ಮೊದಲ ಮಳೆ ನೋಡುವವರೆಗೆ ಕೈಯಲ್ಲಿ ಇರಲಿ. ಕೆಲಸ ಶುರುವಾದ ಮೇಲೆ ಪ್ಲಾನು ಬದಲಿಸಬೇಡಿ. ಕಟ್ಟಿದ ಗೋಡೆ ಒಡೆದು ಬಾಗಿಲು ಸರಿಸಿದರೆ ಕಟ್ಟಿದ್ದಕ್ಕೂ ಒಡೆದದ್ದಕ್ಕೂ ಮತ್ತೆ ಕಟ್ಟಿದ್ದಕ್ಕೂ ದುಡ್ಡು ನಿಮ್ಮದೇ.

ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆ, ಮುಂದೆ ಮಕ್ಕಳು ಮೇಲೆ ಕಟ್ಟಬಹುದಲ್ಲ, ಅದಕ್ಕೆ ಈಗಲೇ ಏನು ಮಾಡಿಡಬೇಕು? ಮೂರು ಕೆಲಸ. ಮೆಟ್ಟಿಲಿನ ಜಾಗ ಪ್ಲಾನಿನಲ್ಲೇ ಬಿಡಿ, ಮೆಟ್ಟಿಲು ಈಗ ಕಟ್ಟಬೇಕೆಂದಿಲ್ಲ. ಮೇಲಿನ ಗೋಡೆಗಳು ಎಲ್ಲಿ ಬರುತ್ತವೆ ಎಂದು ಈಗಲೇ ಗೆರೆ ಹಾಕಿ, ಅದರ ಅಡಿಯಲ್ಲೆಲ್ಲ ಒಂಬತ್ತಿಂಚಿನ ಗೋಡೆ ಪಂಚಾಂಗದಿಂದಲೇ ಏಳಲಿ, ಏಳಿಂಚಿನದ್ದು ಅಲ್ಲಿ ಬೇಡ. ಎಲ್ಲಿಯಾದರೂ ಪಿಲ್ಲರ್ ಹಾಕಿ ಮೇಲಕ್ಕೆ ಸರಳು ಬಿಟ್ಟಿದ್ದರೆ ಅವನ್ನು ಮಳೆಗೆ ಒಡ್ಡಬೇಡಿ, ಸಿಮೆಂಟಿನ ತಿಳಿ ಬಳಿದು ಬಡಪಾಕದ (ಸಿಮೆಂಟು ಕಡಿಮೆ ಹಾಕಿದ) ಕಾಂಕ್ರೀಟಿನಲ್ಲಿ ಮುಚ್ಚಿಡಿ, ಮುಂದೆ ಒಡೆದು ತೆಗೆಯಬಹುದು. ತುಕ್ಕು ಹಿಡಿದು ತೆಳುವಾದ ಸರಳಿನ ಮೇಲೆ ಹೊಸ ಕಂಬ ಜೋಡಿಸುವ ಹಾಗಿಲ್ಲ. ಮೇಲೆ ಕಟ್ಟುವುದು ಅಷ್ಟು ಖಚಿತವಲ್ಲ ಎಂದಾದರೆ ಈ ಮೂರನ್ನೂ ಬಿಟ್ಟು, ಹಂಚಿನ ಮಾಡಿಗೆ ಹೋಗಿ.